ಎರಡು ಕಡೆ ಇಟ್ಟ ಡ್ರೈವರ್

ಮುಖ ಮರೆಸುವ ಆ ಜ್ವರಕ್ಕೆ ಮದ್ದು ಕಂಡುಹಿಡಿಯಲು ಯಾರಿಂದಲೂ ಆಗಲಿಲ್ಲ. ಬದಲಿಗೆ ಒಂದು ಮಣಿ ಬಂತು.

ಕಡಲೆಕಾಳಿನಷ್ಟು ಗಾತ್ರದ್ದು, ಕಿವಿಯೊಳಗೆ ಕೂರುವಂಥದ್ದು. ಜೊತೆಗೆ ಕನ್ನಡಕದ ಕಡ್ಡಿಗೆ ಅಂಟಿಸಿದ ಪುಟ್ಟ ಕ್ಯಾಮೆರಾ. ಎದುರಿಗೆ ಯಾರಾದರೂ ಬಂದು ನಿಂತರೆ ಅವರ ಮುಖ, ಬಾಯಿ ಬಿಟ್ಟರೆ ಅವರ ದನಿ, ಎರಡೂ ಆಸ್ಪತ್ರೆಯ ಸರ್ವರ್‌ಗೆ ಹೋಗುತ್ತಿದ್ದವು. ಸರ್ವರ್ ತನ್ನ ಡೇಟಾಬೇಸಿನಲ್ಲಿ ಹುಡುಕಿ ಉತ್ತರ ಕಳಿಸುತ್ತಿತ್ತು, ಮಣಿ ಅದನ್ನು ಕಿವಿಯಲ್ಲಿ ಪಿಸುಗುಡುತ್ತಿತ್ತು: ‘ಇವರು ನಿಮ್ಮ ಅಕ್ಕ. ಇವರು ಹಾಲು ಹಾಕುವವರು.’ ಜ್ವರದಿಂದ ಎದ್ದವರಿಗೆ ಉಳಿದದ್ದೆಲ್ಲ ನೆನಪಿತ್ತು. ಮದುವೆ, ಮನೆ, ಕಲಿತ ಕೆಲಸ, ಹಳೆಯ ಜಗಳ ಯಾವುದೂ ಅಳಿಸಿರಲಿಲ್ಲ. ಎದುರಿಗೆ ನಿಂತವರು ಯಾರು ಎಂಬುದೊಂದೇ ಹೋಗಿತ್ತು. ಮುಖ ನೋಡಿದರೂ ಗೊತ್ತಾಗದು, ದನಿ ಕೇಳಿದರೂ ಗೊತ್ತಾಗದು. ಜನ ಆ ಮಣಿಯನ್ನು ಕಿವಿಮಣಿ ಎಂದು ಕರೆದರು, ಕರೆದು ಅದಕ್ಕೆ ಒಗ್ಗಿಕೊಂಡರು. ಮನುಷ್ಯ ಯಾವುದಕ್ಕೆ ತಾನೇ ಒಗ್ಗುವುದಿಲ್ಲ?

ಗದಗಿನ ಗುರುಸಿದ್ಧನೂ ಒಗ್ಗಿಕೊಂಡಿದ್ದ. ಮುದ್ರಣಾಲಯವೊಂದರಲ್ಲಿ ಆಫ್‌ಸೆಟ್ ಮಷಿನ್ ಓಡಿಸುವವನು. ಹಾಳೆಯ ಮೇಲೆ ನೀಲಿ ಬಣ್ಣ ಒಂದು ಕೂದಲೆಳೆ ಹೆಚ್ಚಾದರೂ ಅವನ ಕಣ್ಣಿಗೆ ಬೀಳುತ್ತಿತ್ತು, ಜ್ವರ ಬಿಟ್ಟ ಮೇಲೂ ಬೀಳುತ್ತಿತ್ತು. ಹೆಂಡತಿಯ ಮುಖ ಮಾತ್ರ ಬೀದಿಯಲ್ಲಿ ಹೋಗುವ ಹತ್ತು ಮುಖಗಳಲ್ಲಿ ಒಂದಾಗಿತ್ತು. ಹೆಂಡತಿ ನೀಲಗಂಗಾ, ಮಣಿ ಕೊಟ್ಟ ಆ ಮಿದುಳು ಆಸ್ಪತ್ರೆಯಲ್ಲೇ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು.

ಮನೆಯವರ ಹೆಸರು ದಾಖಲು ಮಾಡುವ ದಿನ ಒಂದು ತಮಾಷೆ ನಡೆದಿತ್ತು. ದನಿ ಕೊಡುವವರು ರೋಗಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂಬುದು ನಿಯಮ. ಗುರುಸಿದ್ಧನ ಅಕ್ಕ ಬಸಮ್ಮ ಮಷಿನ್ನಿನ ಮುಂದೆ ಬಾಯಿ ತೆರೆಯಲು ಸುತರಾಂ ಒಪ್ಪದೆ ಮುಖವನ್ನಷ್ಟೇ ಕೊಟ್ಟು ಎದ್ದು ಬಂದಿದ್ದಳು. ನೀಲಗಂಗಾಳ ಸರದಿ ಬಂದಾಗ ಗಂಡನ ಹೆಸರು ಹೇಳಲು ಆಕೆಯ ನಾಲಿಗೆ ಏಳಲಿಲ್ಲ. ಸೊಸೆಯಾಗಿ ಹೊಸ್ತಿಲು ದಾಟಿದ ದಿನದಿಂದ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಬಿಟ್ಟರೆ ಆ ಹೆಸರನ್ನು ಆಕೆ ಆಡಿದವಳಲ್ಲ. ಕೊನೆಗೆ ಸೆರಗು ಸರಿಮಾಡಿಕೊಂಡು ಒಡಪನ್ನೇ ಹೇಳಿದಳು:

“ಬೆಲ್ಲ ಹಾಕಿ ಮಾಡೀನಿ ಹೂರಣದ ಹೋಳಿಗಿ, ಗುರುಸಿದ್ಧ ಅವರ ಹೆಸರ ಬೆಳಕು ನನ್ನ ಬಾಳಿಗಿ.”

ಗುರುಸಿದ್ಧ ಬಿದ್ದು ಬಿದ್ದು ನಕ್ಕ. “ಇನ್ನೊಂದ್ಸಲ ಹೇಳ ನೀಲಾ, ಒಂದು ಹೆಚ್ಚಿಗಿರ್ಲಿ” ಎಂದ. ಅದು ಅವನ ಕಸುಬಿನ ಮಾತು. ಪ್ರೆಸ್ಸಿನಲ್ಲಿ ಗಿರಾಕಿ ಸಾವಿರ ಪ್ರತಿ ಕೇಳಿದರೆ ಕೆಟ್ಟು ಹೋಗುವ ಹಾಳೆಗಳ ಲೆಕ್ಕಕ್ಕೆಂದು ಮೇಲೊಂದಿಷ್ಟು ಹಾಕಿಯೇ ಮಷಿನ್ ಓಡಿಸುವುದು. ಮನೆಗೂ ಆ ಮಾತು ಬಂದು ಸೇರಿಕೊಂಡಿತ್ತು. ರೊಟ್ಟಿ ಬಡಿದರೆ ಒಂದು ಹೆಚ್ಚಿಗೆ, ಬೀಗಕ್ಕೆ ಕೀಲಿಕೈ ಒಂದು ಹೆಚ್ಚಿಗೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದು ಅವನ ಮಾತೋ ಅವಳ ಮಾತೋ ಎಂಬುದೇ ಮರೆತುಹೋಗಿತ್ತು.

ಈಗ ಆ ಸರ್ವರಿನ ಸಂಗತಿ ಸ್ವಲ್ಪ ಹೇಳಬೇಕು.

ಮಾರಿದ ಕಂಪನಿಯವರು ಅದನ್ನು ಎಲ್ಲ ತುಂಬಿ, ಕಟ್ಟಿ, ಗಂಟು ಬಿಗಿದೇ ಕಳಿಸಿದ್ದರು. ಯಾವ ಫೈಲು ಎಲ್ಲಿರಬೇಕು ಎಂಬುದು ಅವರದೇ ತೀರ್ಮಾನ. ಅದರ ಮೇಲೆ ಆಸ್ಪತ್ರೆಯ ಮೂರು ಆ್ಯಪ್‌ಗಳು ಓಡುತ್ತಿದ್ದವು. ‘ಮುಖ’ ಎಂಬುದು ಮುಖ ಗುರುತಿಸುವುದು, ‘ದನಿ’ ಎಂಬುದು ದನಿ ಗುರುತಿಸುವುದು. ಇವೆರಡೂ ಒಬ್ಬರನ್ನೇ ತೋರಿಸುತ್ತಿವೆಯೇ ಎಂದು ನೋಡುವುದು ‘ತಾಳೆ’. ಮಗನೆಂದೋ ಅಳಿಯನೆಂದೋ ಹೇಳಿಕೊಂಡು ಬಂದು ಮಣಿ ಹಾಕಿದವರನ್ನು ದೋಚುವ ಕಳ್ಳರು ಹುಟ್ಟಿಕೊಂಡ ಮೇಲೆ ಈ ಮೂರನೆಯದನ್ನು ಸೇರಿಸಿದ್ದರು. ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂದಾದರೆ ಮಣಿ ಎಚ್ಚರಿಸುತ್ತಿತ್ತು: ‘ಅವರ ಹಾಗೇ ಇದ್ದಾರೆ. ಆದರೆ ಅವರಲ್ಲ.’

ಆ್ಯಪ್‌ಗಳು ಡೇಟಾಬೇಸಿನ ಜೊತೆ ನೇರವಾಗಿ ಮಾತಾಡಲಾರವು. ನಡುವೆ ಒಂದು ದುಭಾಷಿ ಬೇಕು. ಡ್ರೈವರ್ ಎನ್ನುವುದು ಅದಕ್ಕೇ. ಅದನ್ನು ಎಲ್ಲ ಆ್ಯಪ್‌ಗಳಿಗೂ ಸಿಗುವಂತೆ ಸರ್ವರಿನ ಸಾಮಾನ್ಯ ಫೋಲ್ಡರಿನಲ್ಲಿ ಇಡಬಹುದು, ಇಲ್ಲವೇ ಪ್ರತಿ ಆ್ಯಪಿನ ಸ್ವಂತ ಫೋಲ್ಡರಿನಲ್ಲಿ ಒಂದೊಂದು ಇಡಬಹುದು. ಕೂಡು ಕುಟುಂಬದ ಅಡುಗೆಮನೆ ಇದ್ದ ಹಾಗೆ: ಒಲೆ ಒಂದೇ ಇರಲಿ, ಇಲ್ಲವೇ ಬೇರೆ ಬೇರೆ ಇರಲಿ. ನೀಲಗಂಗಾಳಿಗೆ ಮೊದಲು ಅಲ್ಲಿ ಕೆಲಸದಲ್ಲಿದ್ದವರು ಎರಡೂ ಬಿಟ್ಟು, ಕಂಪನಿ ತನಗೆಂದು ಕಾದಿರಿಸಿಕೊಂಡಿದ್ದ ಫೋಲ್ಡರಿನಲ್ಲಿ ಡ್ರೈವರನ್ನು ತುರುಕಿ ಹೋಗಿದ್ದರು. ಅಪ್‌ಡೇಟ್ ಬಂದಾಗ ಕಂಪನಿ ತನ್ನ ಜಾಗವನ್ನು ಗುಡಿಸಿ ಹೊಸದಾಗಿ ಜೋಡಿಸುತ್ತದೆ. ಆ ಸೋಮವಾರ ಬೆಳಿಗ್ಗೆ ಅಪ್‌ಡೇಟ್ ಬಂತು. ಕಸದ ಜೊತೆ ಡ್ರೈವರೂ ಹೋಯಿತು.

ನೀಲಗಂಗಾ ಇನ್ನೂ ಮನೆಯಲ್ಲಿದ್ದಳು. ಗುರುಸಿದ್ಧ ಚಹಾ ಕುಡಿಯುತ್ತ ಕೂತವನು ಇದ್ದಕ್ಕಿದ್ದಂತೆ ಕಪ್ಪು ಕೆಳಗಿಟ್ಟ.

“ಮಣಿ ಮಾತಾಡವಲ್ದು” ಎಂದ. ಆಮೇಲೆ ಆಕೆಯ ಕಡೆ ನೋಡಿ, “ನೀ ನೀಲಾನ ಅಲ್ಲಾ?” ಎಂದು ಕೇಳಿದ.

“ಹೌದ್ರಿ, ನಾನ ಅದೀನಿ. ಸರ್ವರ್ ಬಂದ್ ಬಿದ್ದಿರಬೇಕು. ಈಗ ಹೋಗಿ ಸರಿ ಮಾಡ್ತೀನಿ.”

“ಲಗೂನ ಮಾಡ. ಅಂಜಿಕಿ ಬರತೈತಿ.”

ಅವನ ಮುಖ ಮಗುವಿನಂತಾಗಿತ್ತು. ಬಸಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿ ನೀಲಗಂಗಾ ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲೇ ಅಲ್ಲಿ ಫೋನುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಜಿಲ್ಲೆಯಲ್ಲಿ ಮಣಿ ಹಾಕಿದವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಅಪರಿಚಿತರ ನಡುವೆ ಕೂತಿದ್ದರು. ಒಬ್ಬರು ಬಾಗಿಲು ಹಾಕಿಕೊಂಡು ಕೂತಿದ್ದರಂತೆ, ಇನ್ನೊಬ್ಬರು ಬಸ್ ನಿಲ್ದಾಣದಲ್ಲಿ ಅಳುತ್ತ ನಿಂತಿದ್ದರಂತೆ.

ಡ್ರೈವರ್ ಇಲ್ಲವೆಂಬುದು ನೀಲಗಂಗಾಳಿಗೆ ಬೇಗನೆ ತಿಳಿಯಿತು. ಹೊಸ ಪ್ರತಿ ತಂದು ಸಾಮಾನ್ಯ ಫೋಲ್ಡರಿನಲ್ಲಿಟ್ಟಳು, ಅಪ್‌ಡೇಟ್ ಮುಟ್ಟದ ಜಾಗದಲ್ಲಿ. ಅಲ್ಲಿಗೆ ಕೆಲಸ ಮುಗಿದಿತ್ತು. ಸರ್ವರನ್ನು ಆರಿಸಿ ಮತ್ತೆ ಹಚ್ಚುವುದೊಂದೇ ಬಾಕಿ. ಆದರೆ ಆಕೆಯ ಕಣ್ಣ ಮುಂದೆ ಚಹಾದ ಕಪ್ಪು ಕೆಳಗಿಟ್ಟ ಆ ಮುಖ ಇತ್ತು. ಇಷ್ಟು ಮಾಡಿಯೂ ಸಿಗದೆ ಹೋದರೆ? ಮತ್ತೊಮ್ಮೆ ಆರಿಸಿ ಹಚ್ಚುವಷ್ಟು ಹೊತ್ತು ಅವನು ಕಾಯಬೇಕಲ್ಲ? ಒಂದು ಹೆಚ್ಚಿಗಿರಲಿ ಎಂದುಕೊಂಡು ‘ಮುಖ’ ಆ್ಯಪಿನ ಸ್ವಂತ ಫೋಲ್ಡರಿನಲ್ಲೂ ಅದೇ ಡ್ರೈವರಿನ ಇನ್ನೊಂದು ಪ್ರತಿ ಇಟ್ಟು ಸರ್ವರ್ ಹಚ್ಚಿದಳು. ಪರದೆಯ ಮೇಲೆ ಒಂದೊಂದಾಗಿ ಹಸಿರು ದೀಪಗಳು ಬಂದವು. ಫೋನುಗಳು ಸುಮ್ಮನಾದವು. ಮುಖ್ಯ ವೈದ್ಯೆ ಪ್ರಮೀಳಾ ಹಾದಿಮನಿ ಬಂದು ಆಕೆಯ ಬೆನ್ನು ತಟ್ಟಿ ಹೋದರು.

ಸಂಜೆ ಮನೆಗೆ ಬಂದಾಗ ಗುರುಸಿದ್ಧ ಅಕ್ಕನ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದ. ಗೆಲುವಾಗಿದ್ದ. ನೀಲಗಂಗಾ ಚಪ್ಪಲಿ ಬಿಡುತ್ತಲೇ, “ಈಗ ಮಾತಾಡತೈತಿಲ್ರಿ ನಿಮ್ಮ ಮಣಿ?” ಎಂದಳು.

ಅವನು ತಲೆಯೆತ್ತಿದ. ಮುಗುಳ್ನಗೆ ಅರ್ಧಕ್ಕೆ ನಿಂತಿತು. ಕಿವಿಗೆ ಕೈ ಹೋಯಿತು.

“ಯಾರ್ರಿ ನೀವು?”

“ನಾನ್ರಿ. ನೀಲಾ.”

“ಅಕ್ಕಾ, ಒಳಗ ನಡೀ” ಎಂದ ಗುರುಸಿದ್ಧ ಮೆಲ್ಲನೆ ಎದ್ದು ನಿಂತು. “ಇವರು ಆಕೀ ಅಲ್ಲ. ಆಕೀ ಹಂಗ ಅದಾರ, ಆದ್ರ ಆಕೀ ಅಲ್ಲ.”

ಬಸಮ್ಮ ಬೈದಳು, ಅತ್ತಳು, ತಮ್ಮನ ಕೈ ಹಿಡಿದು ಆಣೆ ಮಾಡಿದಳು. ಅವನು ಅಕ್ಕನನ್ನು ಪೂರ್ತಿ ನಂಬುತ್ತಿದ್ದ, ಆದರೆ ಪಾಪದ ಹೆಂಗಸು ಮೋಸ ಹೋಗಿದ್ದಾಳೆ ಎಂದುಕೊಂಡ. ಅವತ್ತು ನೀಲಗಂಗಾ ಬಸಮ್ಮನ ಮನೆಯಲ್ಲಿ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು.

ಮರುದಿನ ಡಾಕ್ಟರ್ ಹಾದಿಮನಿ ಅವನನ್ನು ಕರೆಸಿ ಪರೀಕ್ಷೆ ಮಾಡಿದರು. ವಾರ್ಡಿನ ನರ್ಸನ್ನು ಎದುರಿಗೆ ನಿಲ್ಲಿಸಿದರು, ಗುರುತಿಸಿದ. ಕಾವಲುಗಾರನನ್ನು ಕರೆಸಿದರು, ಗುರುತಿಸಿದ. ನೀಲಗಂಗಾ ಬಂದು ಬಾಯಿ ತೆರೆದ ಕೂಡಲೇ ಕುರ್ಚಿ ಹಿಂದೆ ಸರಿಸಿದ.

“ಮಣಿ ಸರಿ ಐತಿ ನೀಲಗಂಗಾ” ಎಂದರು ಡಾಕ್ಟರ್, ಆಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು. “ಅದು ಹೇಳಿದ್ದನ್ನ ತಲ್ಯಾಗ ಕೇಳೂ ಜಾಗಾನ ಕೆಡಾಕ ಹತ್ತೇತಿ ಅನಸ್ತೈತಿ, ಸರಿ ಹೇಳಿದ್ರೂ ತಪ್ಪು ಕೇಳಸ್ತೈತಿ. ರೋಗ ಮುಂದ ಹೊಂಟೈತಿ. ಮನಸ್ಸು ಗಟ್ಟಿ ಮಾಡ್ಕೋರಿ.”

ಆಕೆ ನಂಬಿದಳು. ನಂಬದೆ ಏನು ಮಾಡಬೇಕಿತ್ತು? ಪರದೆಯ ಮೇಲೆ ಕೆಂಪು ದೀಪ ಒಂದೂ ಇರಲಿಲ್ಲ. ‘ತಾಳೆ’ ಯಾರನ್ನಾದರೂ ನಿರಾಕರಿಸಿದರೆ ಅದು ತಪ್ಪು ಎಂದು ದಾಖಲಾಗುವುದಿಲ್ಲ, ಕಳ್ಳ ಸಿಕ್ಕ ಎಂದು ದಾಖಲಾಗುತ್ತದೆ. ಪ್ರತಿ ದಿನ ಬೆಳಿಗ್ಗೆ ಆಕೆ ಹಿಂದಿನ ಸಂಜೆಗಿಂತ ಮೆತ್ತಗೆ ಮಾತಾಡಿ ನೋಡಿದಳು. ಮದುವೆಯ ಸೀರೆ ಉಟ್ಟು ನೋಡಿದಳು. ಇಬ್ಬರಿಗೇ ಗೊತ್ತಿದ್ದ ಮಾತುಗಳನ್ನು ಹೇಳಿ ನೋಡಿದಳು. ಅವೆಲ್ಲ ಕೇಳಿ ಅವನು ಮತ್ತಷ್ಟು ಬೆದರಿದ. ಇಷ್ಟೆಲ್ಲ ಈ ಹೆಂಗಸಿಗೆ ಹೇಗೆ ಗೊತ್ತಾಯಿತು? ನನ್ನ ನೀಲಾಳನ್ನು ಎಲ್ಲಿ ಕೂಡಿಹಾಕಿ, ಏನು ಮಾಡಿ ಇದನ್ನೆಲ್ಲ ಬಾಯಿ ಬಿಡಿಸಿದರು? ಹೀಗೆ ಅವನ ತಲೆ ಓಡತೊಡಗಿತು.

ಎರಡು ವಾರ ಕಳೆದಿರಬಹುದು. ಆಸ್ಪತ್ರೆಯ ಹೊರಕೋಣೆಯಲ್ಲಿ ಮುಂಡರಗಿ ಕಡೆಯ ಫಕೀರವ್ವ ಎಂಬ ತಾಯಿ ಎದೆ ಬಡಿದುಕೊಂಡು ಅಳುತ್ತ ಕೂತಿದ್ದಳು. ಬಡಿಗೆ ಹಿಡಿದ ಮಗ ದೂರದ ಮೂಲೆಯಲ್ಲಿ ನಿಂತಿದ್ದ. ನೀಲಗಂಗಾ ನೀರು ಕೊಟ್ಟು ಪಕ್ಕದಲ್ಲಿ ಕೂತಳು.

“ಓಣಿ ಮಂದೀನ್ನೆಲ್ಲ ಗುರ್ತು ಹಿಡೀತಾನ್ರೀ ನನ್ನ ಮಗಾ. ಅಂಗಡಿಯವನ್ನ ಹಿಡೀತಾನ. ವರ್ಷಕ್ಕೊಮ್ಮಿ ಬರೂ ನನ್ನ ಮೈದುನನ ಹೇಣ್ತಿ, ಆ ನೆಗೆಣ್ಣೀನ್ನೂ ಹಿಡೀತಾನ. ಹಡದಾಕಿ ನಾ ಬಂದ್ರ ಬಡಿಗಿ ತಗೋತಾನ. ಆ ನೆಗೆಣ್ಣಿ ಬರೇ ಮುಖಾ ಕೊಟ್ಟಾಳ್ರಿ. ನಾ ಮುಖಾನೂ ಕೊಟ್ಟೆ, ದನೀನೂ ಕೊಟ್ಟೆ. ಹೆಚ್ಚಿಗಿ ಕೊಟ್ಟಾಕಿ ನಾನ ಹೊರಗಾದ್ನಿ.”

ನೀಲಗಂಗಾ ಥಟ್ಟನೆ ಎದ್ದು ನಿಂತಳು.

ಬಸಮ್ಮ ಮುಖವನ್ನಷ್ಟೇ ಕೊಟ್ಟಿದ್ದಳು. ನರ್ಸು, ಕಾವಲುಗಾರ, ಹಾಲಿನವರು, ಎಲ್ಲರೂ ಮುಖವನ್ನಷ್ಟೇ ಕೊಟ್ಟವರು. ಎರಡನ್ನೂ ಕೊಟ್ಟವರು ತೀರ ಹತ್ತಿರದವರು. ಅಂಥವರನ್ನು ಮಾತ್ರ ‘ತಾಳೆ’ ನೋಡುತ್ತಿತ್ತು. ಆಕೆ ಸರ್ವರ್ ಕೋಣೆಗೆ ಹೋಗಿ ‘ತಾಳೆ’ ಬರೆದಿಟ್ಟ ಸಾಲುಗಳನ್ನು ಮೊದಲ ಸಲ ಓದಿದಳು. ಒಂದೊಂದು ಸಾಲೂ ಹುಚ್ಚರ ಮಾತಿನಂತಿತ್ತು: ನೀಲಗಂಗಾ, ನೀಲಗಂಗಾ ಅಲ್ಲ. ಫಕೀರವ್ವ, ಫಕೀರವ್ವ ಅಲ್ಲ.

ಕೆಲವೇ ನಿಮಿಷಗಳಲ್ಲಿ ಎಲ್ಲ ಬಿಡಿಸಿಕೊಂಡಿತು. ‘ಮುಖ’ ತನ್ನ ಫೋಲ್ಡರಿನ ಡ್ರೈವರಿನಿಂದ ಆಕೆಯನ್ನು ತರುತ್ತಿತ್ತು. ‘ದನಿ’ ಸಾಮಾನ್ಯ ಫೋಲ್ಡರಿನ ಡ್ರೈವರಿನಿಂದ ಆಕೆಯನ್ನೇ ತರುತ್ತಿತ್ತು. ಡ್ರೈವರ್ ಒಂದೇ, ಅಕ್ಷರಕ್ಕೆ ಅಕ್ಷರ ಒಂದೇ. ಆದರೆ ಆ ಸರ್ವರಿಗೆ ಒಂದು ವಸ್ತುವಿನ ಹೆಸರಷ್ಟೇ ಸಾಲದು, ಅದು ಎಲ್ಲಿಂದ ಬಂತು ಎಂಬುದೂ ಆಗಬೇಕು. ಬೇರೆ ಬೇರೆ ಕಡೆಯಿಂದ ಬಂದರೆ ಒಂದೇ ಹೆಸರಿನ ಒಂದೇ ವಸ್ತುವೂ ಅದರ ಲೆಕ್ಕದಲ್ಲಿ ಎರಡು ಜಾತಿ. ಹಾಗಾಗಿ ‘ತಾಳೆ’ಗೆ ಇಬ್ಬರು ನೀಲಗಂಗಾ ಕಾಣುತ್ತಿದ್ದರು. ಇದನ್ನು ನೀಲಗಂಗಾ ಕೆಲಸ ಕಲಿಯುವಾಗ ಓದಿದ್ದಳು. ಎರಡು ಕಡೆ ಇಡಬಾರದು ಎಂದು ಇನ್ನೊಬ್ಬರಿಗೆ ಹೇಳಿಯೂ ಕೊಟ್ಟಿದ್ದಳು. ಗಂಡ ಅಂಜಿಕೊಂಡು ಕೂತಿದ್ದಾನೆಂಬ ಆತುರದಲ್ಲಿ ಕೈ ತನ್ನ ರೂಢಿ ಮಾಡಿ ಮುಗಿಸಿತ್ತು.

ಹೆಚ್ಚಿಗಿಟ್ಟಿದ್ದ ಆ ಒಂದನ್ನು ತೆಗೆದು ಸರ್ವರ್ ಹಚ್ಚಿದಳು. ಡಾಕ್ಟರರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಡಾಕ್ಟರ್ ಗುರುಸಿದ್ಧನ ಫೈಲು ತೆರೆದು ತಾವು ಬರೆದದ್ದನ್ನು ಹೊಡೆದುಹಾಕಿದರು. “ನೀವು ಒಂದು ತಪ್ಪು ಮಾಡಿದ್ರಿ. ನಾ ಅದನ್ನ ರೋಗ ಅಂತ ಹೇಳಿ ಮೇಲ ಚಪ್ಪಡಿ ಎಳದೆ” ಎಂದರು. ಎಲ್ಲ ಮನೆಗಳಿಗೂ ಫೋನ್ ಮಾಡಿಸಿದರು. ಹೊರಕೋಣೆಯಲ್ಲಿ ಫಕೀರವ್ವನ ಮಗ ತಾಯಿಯನ್ನು ನೋಡಿದ, ಮಣಿ ಕೇಳಿಸಿಕೊಂಡ, ಬಡಿಗೆ ಕೆಳಗಿಟ್ಟು, “ಯವ್ವಾ, ಎಲ್ಲಿ ಹೋಗಿದ್ದಿ” ಎಂದ. ನೀಲಗಂಗಾ ಅಷ್ಟನ್ನು ಕಣ್ಣಾರೆ ಕಂಡು ಬಿರುಬಿಸಿಲಿನಲ್ಲಿ ಮನೆಗೆ ಓಡಿದಳು. ಹಾದಿಯುದ್ದಕ್ಕೂ ಬಾಯಲ್ಲಿ ದೇವರ ಹೆಸರು. ಬಾಗಿಲು ತಳ್ಳಿ ಒಳಗೆ ಹೋದಳು.

“ರೀ, ನಾ ನೀಲಾ ಬಂದೀನ್ರಿ.”

ಗುರುಸಿದ್ಧ ಕಿವಿಗೊಟ್ಟು ಕೇಳಿದ. ಮಣಿ ಹೇಳಿದ್ದು ಅವನ ಮುಖದಲ್ಲೇ ಕಾಣಿಸಿತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅಲ್ಲಿ ಬೆಳಕು ಬಂದಂತಾಯಿತು. ಆಮೇಲೆ ಅವನು ಮಣಿ ಕಿತ್ತು, ಕನ್ನಡಕ ತೆಗೆದು, ಎರಡನ್ನೂ ಗೂಡಿನಲ್ಲಿಟ್ಟ.

“ನಿನ್ನೆ ತನಕ ಅಲ್ಲ ಅಲ್ಲ ಅಂತಿತ್ತು. ಇವತ್ತ ಹೌದು ಅಂತೈತಿ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಮಣೀನೂ ನಿಮ್ಮ ಕಡೀಗಾತಲ್ರಿ.”

ಆಕೆ ನೆಲದ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಪ್‌ಡೇಟ್, ಡ್ರೈವರ್, ಎರಡು ಫೋಲ್ಡರ್, ತನ್ನ ಆತುರ, ತನ್ನ ತಪ್ಪು. ಮಷಿನ್ನಿನ ಮನುಷ್ಯ ಅವನು, ಗಮನವಿಟ್ಟು ಕೇಳಿದ. ನಡುವೆ ಒಂದೆರಡು ಪ್ರಶ್ನೆಯನ್ನೂ ಕೇಳಿದ. ಕೊನೆಗೆ, “ನೀವು ಹೇಳಿದ್ದು ಖರೇ ಇದ್ರೂ ಇರಬಹುದು. ಆದ್ರ ಖೊಟ್ಟಿ ಮಂದಿ ಬಂದ್ರೂ ಹಿಂಗ ಸಮಜಾಸಿ ಹೇಳ್ತಾರಲ್ರಿ” ಎಂದ.

ಆ ದಿನದಿಂದ ಅವನು ಊಟ ಬಿಟ್ಟ. ಆಕೆ ಮಾಡಿದ್ದನ್ನು ಮುಟ್ಟಲಿಲ್ಲ, ಬಸಮ್ಮ ತಂದದ್ದನ್ನೂ ಆಕೆಯ ಕೈಸೋಕಿರಬಹುದೆಂದು ದೂರ ತಳ್ಳಿದ. ಬಾಳೆಹಣ್ಣು ತಾನೇ ಸುಲಿದುಕೊಂಡರೆ ತಿಂದ, ಇಲ್ಲವೆಂದರೆ ಇಲ್ಲ. ಅಂಗಿ ಮೈಮೇಲೆ ಜೋತುಬಿತ್ತು. ಡಾಕ್ಟರ್ ಮನೆಗೇ ಬಂದು ನೋಡಿ, ನೀಲಗಂಗಾಳನ್ನು ಅಂಗಳಕ್ಕೆ ಕರೆದರು.

“ಸರ್ವರಿನಾಗ ಬರದದ್ದನ್ನ ನಾವು ತಿದ್ದಬಹುದು. ಎರಡು ವಾರ ಅಂಜಿಕಿ ಅವರ ತಲ್ಯಾಗ ಬರದದ್ದಕ್ಕ ನಮ್ಮ ಕಡೆ ಏನೂ ಇಲ್ಲ. ಯಾರರ ‘ನಾ ನಿಮ್ಮ ಹೇಣ್ತಿ’ ಅಂದ್ರ ಸಾಕು, ಅಂಜಿಕಿ ಎದ್ದು ಕೂಡ್ತೈತಿ. ವಾರ್ಡಿಗೆ ಹಾಕಿ ಮೂಗಿನಾಗ ನಳಿಗಿ ಇಳಸೂದು ಒಂದ ಉಳದೈತಿ.”

ಆಕೆ ಅಂಗಳದ ನಲ್ಲಿಯನ್ನೇ ನೋಡುತ್ತ ನಿಂತಿದ್ದಳು.

“ಹೇಣ್ತಿ ಅನ್ನದಿದ್ರ?” ಎಂದಳು.

ತನ್ನನ್ನು ಬೇರೆ ಯಾರೋ ಎಂದು ಸರ್ವರಿನಲ್ಲಿ ಬರೆಯುವ ಮಾತು ಆಕೆಯದು. ಅದು ಅರ್ಥವಾದ ಮೇಲೆ ಡಾಕ್ಟರ್ ಬೇಡವೆಂದರು. “ನೀಲಗಂಗಾ, ಬ್ಯಾಡ. ಒಂದು ಸಲ ಹಂಗ ಬರದ್ರ ತಿರುಗಿ ತಿದ್ದಾಕ ಬರೂದಿಲ್ಲ. ಇವತ್ತ ಒಂದು, ನಾಳೆ ಒಂದು ಹೇಳಿದ್ರ ಮಣಿ ಮ್ಯಾಲಿನ ನಂಬಿಗಿ ಪೂರ್ತಿ ಹೋಗ್ತೈತಿ. ಜೀವ ಇರೂ ತನಕ ಹಂಗ ಇರಬೇಕಾಗ್ತೈತಿ.”

“ಅವರು ಉಂಡ್ರ ಸಾಕ್ರಿ ನನಗ” ಎಂದಳು ಆಕೆ.

ಮಧ್ಯಾಹ್ನ ಸರ್ವರ್ ಕೋಣೆಯಲ್ಲಿ ಕೂತು ನೀಲಗಂಗಾ ತನ್ನನ್ನು ತಾನೇ ತೆರೆದಳು. ಸಂಬಂಧ ಎಂಬಲ್ಲಿ ಹೆಂಡತಿ ಎಂದಿತ್ತು. ಅಳಿಸಿದಳು. ದನಿಯ ದಾಖಲೆಯನ್ನು ಅಳಿಸಿದಳು. ಅಳಿಸಲೇ ಎಂದು ಸರ್ವರ್ ಇನ್ನೊಮ್ಮೆ ಕೇಳಿತು, ಹೌದೆಂದಳು. ಹೊಸದಾಗಿ ಬರೆದಳು: ಗಿರಿಜಾ, ಅಡುಗೆಯವರು, ನಂಬಬಹುದು. ಬರೆದು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಸತ್ತವರಿಗಾದರೆ ನಾಲ್ಕು ಜನ ಕೂಡಿ ಅಳುತ್ತಾರೆ. ಇದಕ್ಕೆ ಆಕೆ ಒಬ್ಬಳೇ ಇದ್ದಳು.

ಬಸಮ್ಮ ತಮ್ಮನಿಗೆ ಸಮಾಧಾನ ಹೇಳಿದಳು. ಆ ಹೆಂಗಸನ್ನು ಓಡಿಸಿದ್ದಾಯಿತು, ಇನ್ನು ಬರುವುದಿಲ್ಲ, ಅಡುಗೆಗೆ ಬೇರೆಯವರನ್ನು ಇಟ್ಟಿದ್ದೇನೆ, ಮಣಿ ಹಾಕಿಕೊಂಡು ನೀನೇ ನೋಡು ಎಂದಳು. ನೀಲಗಂಗಾ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಬಸಮ್ಮನ ಹಳೆಯ ಸೀರೆ ಉಟ್ಟಿದ್ದಳು. ತಾಳಿಯನ್ನು ರವಿಕೆಯೊಳಗೆ ಸೇರಿಸಿದ್ದಳು. ಗುರುಸಿದ್ಧ ಕನ್ನಡಕ ಹಾಕಿಕೊಂಡು ಆಕೆಯನ್ನು ನೋಡಿದ. ಮಣಿ ಪಿಸುಗುಟ್ಟಿತು. ಬಿಗಿದುಕೊಂಡಿದ್ದ ಅವನ ಹೆಗಲು ಸಡಿಲವಾಯಿತು.

“ಗಿರಿಜಮ್ಮಾರ ಏನ್ರಿ? ಬರ್ರಿ, ಬರ್ರಿ. ಅಡಿಗಿ ಮನಿ ಈ ಕಡೆ ಐತಿ” ಎಂದು ಆಕೆಯ ಮನೆಯನ್ನು ಆಕೆಗೇ ತೋರಿಸಿದ. “ಸಾಮಾನಾ ಎಲ್ಲಿ ಅದಾವ ನನಗ ಸರಿಯಾಗಿ ಗೊತ್ತಿಲ್ಲ. ಎಲ್ಲಾ ನಮ್ಮನಿಯಾಕಿ ಇಟ್ಟಿದ್ದು.”

ಆಕೆ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ತಟ್ಟೆ ಮುಂದಿಟ್ಟಳು. ಅವನು ಮುರಿದು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ಬಾಗಿಲಲ್ಲಿ ನಿಂತ ಬಸಮ್ಮ ಒಂದು ಹೆಜ್ಜೆ ಒಳಗೆ ಬಂದಳು.

“ಆಕೀನೂ ಹಿಂಗ ಮಾಡ್ತಿದ್ಲು ನೋಡ್ರಿ” ಎಂದ ಗುರುಸಿದ್ಧ. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದ. ಹಸಿದಿದ್ದ. ಎರಡು ರೊಟ್ಟಿ ತಿಂದ, ಮೂರನೆಯದನ್ನೂ ಬೇಡವೆನ್ನಲಿಲ್ಲ. ನೀರು ಕುಡಿದ ಮೇಲೆ ದನಿ ತಗ್ಗಿಸಿ ಹೇಳಿದ:

“ಗಿರಿಜಮ್ಮಾ, ನಿಮಗ ಒಂದು ಮಾತು ಹೇಳಿರ್ತೀನಿ. ನಮ್ಮ ನೀಲಾ ಆಸ್ಪತ್ರಿಯೊಳಗ ಕೆಲಸಾ ಮಾಡ್ತಾಳ. ಒಂದು ದಿನ ಬಂದ ಬರ್ತಾಳ. ನಾ ಮಲಗಿರ್ತೀನೋ, ಮಣಿ ತಗದಿರ್ತೀನೋ, ಯಾರಿಗ್ಗೊತ್ತು. ಆಕಿ ಬಂದ್ರ ನೀವ ಹೇಳ್ರಿ. ಯಾರೋ ಬಂದು ಆಕೀ ಜಾಗಾದಾಗ ಕೂಡ್ತೀನಿ ಅಂದ್ಲು, ಅತ್ಲು, ಕಾಲಿಗೆ ಬಿದ್ಲು, ಭಾಳ ಒಳ್ಳೆ ಮಾತಾಡಿದ್ಲು. ಆದ್ರೂ ನಾ ಕೂಡಿಸಲಿಲ್ಲ ಅಂತ ಹೇಳ್ರಿ.”

ನೀಲಗಂಗಾ ಒಲೆಯ ಕಡೆ ತಿರುಗಿದಳು. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

“ಹೇಳ್ತೀನ್ರಿ” ಎಂದಳು.